ಸೂರ್ಯ, ನಕ್ಷತ್ರ ಅಳೆದು ಸಮುದ್ರದಲ್ಲಿ ನೆಲೆ ಕಂಡುಕೊಳ್ಳುವುದು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ದಡ ಕಾಣದ ನಡುನೀರಿನಲ್ಲಿ, ಜಿಪಿಎಸ್ ಇಲ್ಲದೆ, ಆಕಾಶಕಾಯಗಳನ್ನು ಅಳೆದು ಹಡಗು ಎಲ್ಲಿದೆ ಎಂದು ಹೇಳುವ ವಿದ್ಯೆಯೇ ಖಗೋಳ ನೌಕಾಯಾನ. ಕಲಿಯಲು ಬರುವವರು ಸಾಮಾನ್ಯವಾಗಿ ಸೂತ್ರಗಳಿಗೆ ಹೆದರುತ್ತಾರೆ. ಆದರೆ ಹೆಚ್ಚಿನವರು ಎಡವುವುದು ಅದಕ್ಕಿಂತ ಎಷ್ಟೋ ಮೊದಲು, ಕೆಳಗಿನ ಮೊದಲ ಪ್ರಶ್ನೆಯಲ್ಲಿ. ಅದೊಂದು ಸರಿಯಾಗಿ ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಕೂಡುವ, ಕಳೆಯುವ ಕೆಲಸ.

ನಕ್ಷತ್ರ ದಿಕ್ಕು ತೋರಿಸುತ್ತದೆ, ಸರಿ. ಆದರೆ ನಾನಿರುವ ಜಾಗವನ್ನು ಅದು ಹೇಗೆ ಹೇಳೀತು?

ಈ ವಿದ್ಯೆಯಲ್ಲಿ ನಕ್ಷತ್ರದಿಂದ ನಮಗೆ ಬೇಕಾಗಿರುವುದು ದೂರ. ನಕ್ಷತ್ರಕ್ಕೆ ಎಷ್ಟು ದೂರ ಎಂಬುದಲ್ಲ. ಭೂಮಿಯ ಮೇಲೆ ಆ ಕ್ಷಣದಲ್ಲಿ ಅದು ಯಾವ ಜಾಗದ ನೆತ್ತಿಯ ಮೇಲಿದೆಯೋ ಆ ಜಾಗದಿಂದ ನಾವು ಎಷ್ಟು ದೂರ ಎಂಬುದು. ಪ್ರತಿ ಆಕಾಶಕಾಯಕ್ಕೂ ಪ್ರತಿ ಕ್ಷಣಕ್ಕೂ ಅಂಥ ಒಂದು ಜಾಗ ಇದ್ದೇ ಇರುತ್ತದೆ. ಇಲ್ಲಿ ಅದನ್ನು ಭೂಬಿಂದು ಎನ್ನೋಣ.

ಬಯಲಿನಲ್ಲಿ ಒಂದು ಎತ್ತರದ ದೀಪದ ಕಂಬ ಇದೆ ಎಂದುಕೊಳ್ಳಿ. ಕಂಬದ ಬುಡದಲ್ಲಿ ನಿಂತರೆ ದೀಪ ನೆತ್ತಿಯ ಮೇಲೆ. ದೂರ ಸರಿದಂತೆ ದೀಪ ಕೆಳಗಿಳಿಯುತ್ತಾ ಹೋಗುತ್ತದೆ. ದೀಪವನ್ನು ನೋಡಲು ಕತ್ತು ಎಷ್ಟು ಎತ್ತಬೇಕು ಎಂದು ಅಳೆದರೆ ಬುಡದಿಂದ ಎಷ್ಟು ದೂರದಲ್ಲಿದ್ದೇವೆ ಎಂದು ತಿಳಿಯುತ್ತದೆ, ಆದರೆ ಯಾವ ಬದಿಯಲ್ಲಿ ಎಂದು ತಿಳಿಯುವುದಿಲ್ಲ. ಬುಡವನ್ನು ಕೇಂದ್ರವಾಗಿಟ್ಟುಕೊಂಡ ಒಂದು ವೃತ್ತದ ಮೇಲೆ ನಾವು ಎಲ್ಲಾದರೂ ಇರಬಹುದು.

ನಕ್ಷತ್ರದ ಕತೆಯೂ ಇದೇ. ದಿಗಂತದಿಂದ ಅದರ ಎತ್ತರದ ಕೋನವನ್ನು ಅಳೆದು 90°ಯಿಂದ ಕಳೆಯಿರಿ. ಉಳಿದದ್ದೇ ಭೂಬಿಂದುವಿನಿಂದ ನಿಮಗಿರುವ ದೂರ. ಒಂದು ಅಳತೆ ಒಂದು ಬಿಂದುವನ್ನು ಕೊಡುವುದಿಲ್ಲ, ಒಂದು ವೃತ್ತವನ್ನು ಕೊಡುತ್ತದೆ. ಎರಡನೇ ನಕ್ಷತ್ರ ಎರಡನೇ ವೃತ್ತ ಕೊಡುತ್ತದೆ. ಎರಡು ವೃತ್ತಗಳು ಎರಡು ಕಡೆ ಕೂಡುತ್ತವೆ. ಆ ಎರಡು ಜಾಗಗಳು ಸಾಮಾನ್ಯವಾಗಿ ಸಾವಿರಾರು ಮೈಲಿ ದೂರದಲ್ಲಿರುವುದರಿಂದ ನೀವಿರುವುದು ಯಾವುದರಲ್ಲಿ ಎಂಬ ಗೊಂದಲ ಬರುವುದಿಲ್ಲ.

ಕೋನ ಅಳೆದರೆ ದೂರ ಮೈಲಿಯಲ್ಲಿ ಹೇಗೆ ಸಿಗುತ್ತದೆ?

ನಾಟಿಕಲ್ ಮೈಲಿಯನ್ನು ಹುಟ್ಟುಹಾಕಿದ್ದೇ ಹಾಗೆ. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ, ಅಂದರೆ 1′ಗೆ, ಒಂದು ನಾಟಿಕಲ್ ಮೈಲಿ. ಇಂದು ಅದು 1,852 ಮೀಟರ್ ಎಂದು ನಿಗದಿಯಾಗಿದೆ. ನಕ್ಷತ್ರದ ಎತ್ತರ 50° ಇದ್ದರೆ ಉಳಿದ ಕೋನ 40°, ಅದನ್ನು 60ರಿಂದ ಗುಣಿಸಿದರೆ 2,400 ಮೈಲಿ.

ಸಾವಿರಾರು ಮೈಲಿಯ ವೃತ್ತವನ್ನು ನಕ್ಷೆಯ ಮೇಲೆ ಎಳೆಯುವುದು ಹೇಗೆ?

ಎಳೆಯಬೇಕಾಗಿಲ್ಲ. ಅಷ್ಟು ದೊಡ್ಡ ವೃತ್ತದಲ್ಲಿ ನಿಮ್ಮ ಹಡಗಿನ ಸುತ್ತಮುತ್ತಲಿನ ಮೂವತ್ತು ನಲವತ್ತು ಮೈಲಿಯ ತುಂಡು ಸಾಕು. ಅಷ್ಟು ಚಿಕ್ಕ ತುಂಡು ನೇರ ಗೆರೆಯಂತೆಯೇ ಇರುತ್ತದೆ.

ಈ ಗೆರೆ ಮೊದಲು ಕಣ್ಣಿಗೆ ಬಿದ್ದ ಸಂದರ್ಭ ನನಗೆ ಬಲು ಇಷ್ಟ. 1837ರ ಡಿಸೆಂಬರ್‌ನಲ್ಲಿ ಥಾಮಸ್ ಸಮ್ನರ್ ಎಂಬ ಅಮೆರಿಕದ ಕಪ್ತಾನ ಐರ್ಲೆಂಡ್ ಮತ್ತು ವೇಲ್ಸ್ ನಡುವಿನ ಕಡಲನ್ನು ಸಮೀಪಿಸುತ್ತಿದ್ದ. ಕೆಟ್ಟ ಹವೆ, ದಿನಗಟ್ಟಲೆ ಮೋಡ, ಅಕ್ಷಾಂಶ ಗೊತ್ತಿಲ್ಲ. ಮೋಡ ಒಡೆದ ಒಂದು ಗಳಿಗೆಯಲ್ಲಿ ಸೂರ್ಯನ ಒಂದೇ ಅಳತೆ ಸಿಕ್ಕಿತು. ಅಕ್ಷಾಂಶ ಹೀಗಿರಬಹುದು ಎಂದು ಊಹಿಸಿ ರೇಖಾಂಶ ಲೆಕ್ಕ ಹಾಕಿದ. ಊಹೆ ಬದಲಿಸಿ ಮತ್ತೆ ಹಾಕಿದ, ಇನ್ನೊಮ್ಮೆ ಬದಲಿಸಿ ಹಾಕಿದ. ಮೂರು ಬಿಂದುಗಳೂ ಒಂದೇ ಗೆರೆಯ ಮೇಲೆ ಬಿದ್ದವು. ಆ ಗೆರೆಯನ್ನು ಮುಂದುವರಿಸಿದರೆ ಅದು ಸ್ಮಾಲ್ಸ್ ಎಂಬ ದೀಪಸ್ತಂಭದ ಮೂಲಕ ಹಾದುಹೋಗುತ್ತಿತ್ತು. ತಾನು ಗೆರೆಯ ಯಾವ ಜಾಗದಲ್ಲಿದ್ದೇನೆ ಎಂದು ತಿಳಿಯದಿದ್ದರೂ ಗೆರೆಯ ಮೇಲಂತೂ ಇದ್ದೇನೆ ಎಂದು ಹೊಳೆದು ಅದೇ ಗೆರೆಗುಂಟ ಹಡಗು ನಡೆಸಿದ. ಸ್ವಲ್ಪ ಹೊತ್ತಿನಲ್ಲಿ ದೀಪಸ್ತಂಭ ಕಂಡಿತು. 1843ರಲ್ಲಿ ಆತ ಈ ವಿಧಾನವನ್ನು ಪ್ರಕಟಿಸಿದ.

ಇಂದು ನಾವು ಬಳಸುವುದು 1875ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಮಾರ್ಕ್ ಸೇಂಟ್ ಹಿಲೇರ್ ಹೊರತಂದ ಇನ್ನೂ ಸುಲಭದ ದಾರಿಯನ್ನು. ನೀವು ಸುಮಾರಾಗಿ ಎಲ್ಲಿರಬಹುದು ಎಂದು ಒಂದು ಜಾಗ ಊಹಿಸಿ. ಹಡಗಿನ ವೇಗ, ದಿಕ್ಕು, ಕಳೆದ ಹೊತ್ತು ನೋಡಿದರೆ ಅಂದಾಜು ಸಿಗುತ್ತದೆ. ಆ ಜಾಗದಿಂದ ನೋಡಿದ್ದರೆ ನಕ್ಷತ್ರ ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ ಕಾಣಬೇಕಿತ್ತು ಎಂದು ಲೆಕ್ಕ ಹಾಕಿ. ಲೆಕ್ಕ 41°10′ ಎಂದಿತು, ನೀವು ಅಳೆದದ್ದು 41°18′ ಎಂದಿಟ್ಟುಕೊಳ್ಳಿ. ನಕ್ಷತ್ರ ಲೆಕ್ಕಕ್ಕಿಂತ 8′ ಮೇಲಿದೆ, ಅಂದರೆ ನೀವು ಊಹಿಸಿದ ಜಾಗಕ್ಕಿಂತ 8 ಮೈಲಿ ಅದರ ಭೂಬಿಂದುವಿಗೆ ಹತ್ತಿರ ಇದ್ದೀರಿ. ಊಹೆಯ ಬಿಂದುವಿನಿಂದ ನಕ್ಷತ್ರದ ದಿಕ್ಕಿಗೆ 8 ಮೈಲಿ ಸರಿದು, ಆ ದಿಕ್ಕಿಗೆ ಅಡ್ಡವಾಗಿ ಒಂದು ಗೆರೆ ಎಳೆಯಿರಿ. ನೀವು ಆ ಗೆರೆಯ ಮೇಲಿದ್ದೀರಿ. ಊಹೆ ಹತ್ತಿಪ್ಪತ್ತು ಮೈಲಿ ತಪ್ಪಿದ್ದರೂ ಗೆರೆ ಸರಿಯಾದ ಜಾಗಕ್ಕೇ ಬರುತ್ತದೆ.

ಎತ್ತರ ಲೆಕ್ಕ ಹಾಕುವ ಸೂತ್ರ ಒಂದೇ ಸಾಲಿನದು: ಎತ್ತರದ ಸೈನ್ = (ಅಕ್ಷಾಂಶದ ಸೈನ್ × ಡೆಕ್ಲಿನೇಷನ್‌ನ ಸೈನ್) + (ಅಕ್ಷಾಂಶದ ಕೊಸೈನ್ × ಡೆಕ್ಲಿನೇಷನ್‌ನ ಕೊಸೈನ್ × ಸ್ಥಳೀಯ ಹೋರಾಕೋನದ ಕೊಸೈನ್). ಇಲ್ಲಿ ಡೆಕ್ಲಿನೇಷನ್ ಎಂದರೆ ಭೂಬಿಂದುವಿನ ಅಕ್ಷಾಂಶ; ಸ್ಥಳೀಯ ಹೋರಾಕೋನ ಎಂದರೆ ನಿಮ್ಮ ರೇಖಾಂಶದಿಂದ ಭೂಬಿಂದುವಿನ ರೇಖಾಂಶದವರೆಗೆ ಪಶ್ಚಿಮಕ್ಕೆ ಎಣಿಸಿದ ಕೋನ. ಸಾಮಾನ್ಯ ಕ್ಯಾಲ್ಕುಲೇಟರ್ ಸಾಕು. ಅದೂ ಬೇಡ ಎಂದರೆ ಮೊದಲೇ ಲೆಕ್ಕ ಹಾಕಿ ಅಚ್ಚು ಹಾಕಿದ ಕೋಷ್ಟಕಗಳಿವೆ.

ಆಲ್ಮನ್ಯಾಕ್ ಅಂದರೇನು? ಅದು ಬೇಕೇಬೇಕೇ?

ಬೇಕೇಬೇಕು. ಯಾವ ಕ್ಷಣಕ್ಕೆ ಯಾವ ಕಾಯದ ಭೂಬಿಂದು ಎಲ್ಲಿದೆ ಎಂದು ಹೇಳುವ ವಾರ್ಷಿಕ ಪುಸ್ತಕ ಅದು. ಬ್ರಿಟನ್ನಿನ ನಾಟಿಕಲ್ ಆಲ್ಮನ್ಯಾಕ್ 1767ನೇ ಇಸವಿಯಿಂದ ಬರುತ್ತಿದೆ. ಭೂಬಿಂದುವಿನ ಅಕ್ಷಾಂಶಕ್ಕೆ ಅದರಲ್ಲಿ ಡೆಕ್ಲಿನೇಷನ್ ಎಂದು ಹೆಸರು; ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಎಣಿಸಿದ ಕೋನಕ್ಕೆ ಗ್ರೀನಿಚ್ ಹೋರಾಕೋನ, ಚಿಕ್ಕದಾಗಿ ಜಿಎಚ್‌ಎ. ಸೂರ್ಯ, ಚಂದ್ರ ಮತ್ತು ಶುಕ್ರ, ಮಂಗಳ, ಗುರು, ಶನಿಗಳಿಗೆ ಗಂಟೆ ಗಂಟೆಗೂ ಅಂಕಿ ಕೊಟ್ಟಿರುತ್ತಾರೆ. ನಕ್ಷತ್ರಗಳು ಒಂದಕ್ಕೊಂದು ಕದಲದೆ ಇರುವುದರಿಂದ ಆಕಾಶದಲ್ಲಿ ಎಣಿಕೆಯ ಆರಂಭಕ್ಕೆಂದು ಹಿಡಿದ ಮೇಷಾದಿ ಬಿಂದುವೊಂದರ ಹೋರಾಕೋನ ಕೊಟ್ಟು, ಪ್ರತಿ ನಕ್ಷತ್ರ ಅದರಿಂದ ಎಷ್ಟು ಸರಿದಿದೆ ಎಂಬ ಸಂಖ್ಯೆಯನ್ನು ಪಕ್ಕದಲ್ಲಿ ಕೊಟ್ಟರೆ ಕೆಲಸ ಮುಗಿಯುತ್ತದೆ.

ಗಡಿಯಾರಕ್ಕೆ ಏಕೆ ಅಷ್ಟೊಂದು ಮಹತ್ವ?

ಭೂಮಿ ತಿರುಗುತ್ತಿರುವುದರಿಂದ ಭೂಬಿಂದುಗಳು ಓಡುತ್ತಿರುತ್ತವೆ. ಗಂಟೆಗೆ 15°, ಅಂದರೆ ನಾಲ್ಕು ಸೆಕೆಂಡಿಗೆ 1′. ಗಡಿಯಾರ ನಾಲ್ಕು ಸೆಕೆಂಡ್ ತಪ್ಪಿದರೆ ಸಮಭಾಜಕದ ಬಳಿ ನಿಮ್ಮ ನೆಲೆ ಒಂದು ಮೈಲಿ ಪೂರ್ವಕ್ಕೋ ಪಶ್ಚಿಮಕ್ಕೋ ತಪ್ಪುತ್ತದೆ. ಒಂದು ನಿಮಿಷ ತಪ್ಪಿದರೆ ಹದಿನೈದು ಮೈಲಿ.

ಅಕ್ಷಾಂಶ ಕಂಡುಹಿಡಿಯುವುದು ನಾವಿಕರಿಗೆ ಬಹಳ ಹಿಂದಿನಿಂದಲೂ ಗೊತ್ತಿತ್ತು. ರೇಖಾಂಶ ಮಾತ್ರ ಕೈಗೆ ಸಿಗುತ್ತಿರಲಿಲ್ಲ, ಏಕೆಂದರೆ ತೂಗಾಡುವ ಹಡಗಿನಲ್ಲಿ ಸರಿಯಾಗಿ ನಡೆಯುವ ಗಡಿಯಾರವೇ ಇರಲಿಲ್ಲ. 1707ರಲ್ಲಿ ನೆಲೆ ತಪ್ಪಿದ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಬ್ರಿಟಿಷ್ ಸಂಸತ್ತು ರೇಖಾಂಶದ ಸಮಸ್ಯೆ ಬಿಡಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಘೋಷಿಸಿತು. ಬಡಗಿಯ ಮಗ ಜಾನ್ ಹ್ಯಾರಿಸನ್ ಬದುಕನ್ನೇ ಇದಕ್ಕೆ ಕೊಟ್ಟ. ಅವನ ನಾಲ್ಕನೇ ಯಂತ್ರ, ದೊಡ್ಡ ಜೇಬುಗಡಿಯಾರದಂಥ ಎಚ್4, 1761ರ ಕೊನೆಯಲ್ಲಿ ಜಮೈಕಾಕ್ಕೆ ಹೊರಟಿತು. ಅದರ ನಿತ್ಯದ ನಿಧಾನಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, 81 ದಿನಗಳಲ್ಲಿ ತಪ್ಪಿದ್ದು ಸುಮಾರು 5 ಸೆಕೆಂಡ್.

ಇಂದು ಸಾಮಾನ್ಯ ಕ್ವಾರ್ಟ್ಜ್ ಕೈಗಡಿಯಾರವೇ ಸಾಕು. ಆದರೆ ಪ್ರತಿದಿನ ರೇಡಿಯೊ ಸಮಯಕ್ಕೆ ಹೋಲಿಸಿ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಬರೆದಿಡಿ. ಮುಳ್ಳು ತಿರುಗಿಸಿ ಸರಿಪಡಿಸಲು ಹೋಗಬೇಡಿ. ದಿನಕ್ಕೆ ಒಂದೇ ಸಮನೆ ತಪ್ಪುವ ಗಡಿಯಾರವನ್ನು ಪೂರ್ತಿ ನಂಬಬಹುದು.

ಕೋನ ಅಳೆಯುವ ಸೆಕ್ಸ್‌ಟಂಟ್ ಹೇಗೆ ಕೆಲಸ ಮಾಡುತ್ತದೆ?

ಎರಡು ಕನ್ನಡಿ, ಒಂದು ಚಿಕ್ಕ ದೂರದರ್ಶಕ, ಅಂಕಿ ಕೊರೆದ ಒಂದು ಕಮಾನು. ಒಂದು ಕನ್ನಡಿ ತಿರುಗುತ್ತದೆ. ಇನ್ನೊಂದು ಅರ್ಧ ಮಾತ್ರ ಕನ್ನಡಿ, ಉಳಿದರ್ಧದ ಮೂಲಕ ದಿಗಂತ ಕಾಣುತ್ತದೆ. ತಿರುಗುವ ಕನ್ನಡಿಯನ್ನು ಹೊತ್ತ ತೋಳನ್ನು ಸರಿಸುತ್ತಾ ಸೂರ್ಯನ ಬಿಂಬವನ್ನು ಕೆಳಗಿಳಿಸಿ ದಿಗಂತಕ್ಕೆ ಮುಟ್ಟಿಸುವುದು, ಅಷ್ಟೇ. ಸೂರ್ಯನೂ ದಿಗಂತವೂ ಒಂದೇ ನೋಟದಲ್ಲಿ ಒಟ್ಟಿಗೆ ಕಾಣುವುದರಿಂದ ಹಡಗು ಎಷ್ಟು ತೂಗಾಡಿದರೂ ಎರಡೂ ಒಟ್ಟಿಗೇ ತೂಗಾಡುತ್ತವೆ. ಉಪಕರಣದ ಜಾಣತನವೆಲ್ಲ ಇದರಲ್ಲಿದೆ. ಕನ್ನಡಿ ತಿರುಗಿದ್ದರ ಎರಡರಷ್ಟು ಬೆಳಕು ತಿರುಗುತ್ತದೆ, ಹಾಗಾಗಿ 60° ಕಮಾನಿನಲ್ಲಿ 120°ವರೆಗೆ ಅಳೆಯಬಹುದು. ಇದರ ಪೂರ್ವಜ ಆಕ್ಟಂಟ್ ಅನ್ನು ಇಂಗ್ಲೆಂಡಿನ ಜಾನ್ ಹ್ಯಾಡ್ಲಿ ಮತ್ತು ಅಮೆರಿಕದ ಥಾಮಸ್ ಗಾಡ್‌ಫ್ರೀ 1730ರ ಆಸುಪಾಸಿನಲ್ಲಿ ಒಬ್ಬರಿಗೊಬ್ಬರು ತಿಳಿಯದೆ ರೂಪಿಸಿದರು.

ಬಳಸುವಾಗ ಮೂರು ಮಾತು ನೆನಪಿರಲಿ. ಸೂರ್ಯನನ್ನು ನೋಡುವ ಮೊದಲು ಬಣ್ಣದ ಗಾಜುಗಳನ್ನು ಅಡ್ಡ ಹಾಕಿ. ಒಂದು ಕ್ಷಣದ ಅಜಾಗರೂಕತೆ ಕಣ್ಣನ್ನೇ ತೆಗೆದೀತು. ಬಿಂಬ ದಿಗಂತದ ಹತ್ತಿರ ಬಂದಾಗ ಸೆಕ್ಸ್‌ಟಂಟನ್ನು ಎಡಬಲಕ್ಕೆ ಮೆಲ್ಲಗೆ ವಾಲಿಸಿ: ಬಿಂಬ ಒಂದು ಕಮಾನಿನಂತೆ ತೂಗುತ್ತದೆ, ಆ ಕಮಾನಿನ ಅತಿ ಕೆಳಗಿನ ಬಿಂದು ದಿಗಂತವನ್ನು ಸವರಬೇಕು. ಹೊಸಬರ ಅಳತೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ; ಓರೆಯಾಗಿ ಹಿಡಿದರೆ ಕೋನ ಯಾವಾಗಲೂ ಹೆಚ್ಚು ಬರುತ್ತದೆ. ಇನ್ನು, ಮುಟ್ಟಿದ ಕ್ಷಣದಲ್ಲಿ ಮೊದಲು ಸೆಕೆಂಡ್ ಬರೆಯಿರಿ, ಆಮೇಲೆ ನಿಮಿಷ, ಗಂಟೆ, ಕೊನೆಗೆ ಕೋನ. ಕೋನ ಎಲ್ಲಿಗೂ ಓಡಿಹೋಗುವುದಿಲ್ಲ.

ಓದಿದ ಕೋನವನ್ನು ಹಾಗೇ ಬಳಸಬಹುದೇ?

ಇಲ್ಲ. ಮೊದಲು ಉಪಕರಣದ ತಪ್ಪು: ಸೊನ್ನೆಗೆ ಇಟ್ಟು ದಿಗಂತ ನೋಡಿದಾಗ ಗೆರೆ ಒಂದೇ ಆಗಿ ಕಾಣಬೇಕು. ಕಾಣದಿದ್ದರೆ ಒಂದಾಗುವವರೆಗೆ ತಿರುಗಿಸಿ ಎಷ್ಟಿದೆ ಓದಿ. ಸೊನ್ನೆಗಿಂತ ಮೇಲೆ ಬಂದರೆ ಕಳೆಯಿರಿ, ಕೆಳಗೆ ಬಂದರೆ ಕೂಡಿ. ಪ್ಲಾಸ್ಟಿಕ್ ಸೆಕ್ಸ್‌ಟಂಟ್ ಬಿಸಿಲಿಗೆ ಬದಲಾಗುತ್ತಿರುತ್ತದೆ, ಪ್ರತಿ ಸಲವೂ ಪರೀಕ್ಷಿಸಿ.

ಎರಡನೆಯದು ಕಣ್ಣಿನ ಎತ್ತರ. ನೀರಿನಿಂದ ಮೇಲೆ ನಿಂತಷ್ಟೂ ದಿಗಂತ ತಗ್ಗಾಗಿ ಕಾಣುತ್ತದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.76ರಿಂದ ಗುಣಿಸಿದರೆ ಬರುವಷ್ಟು ನಿಮಿಷ ಕೋನ ಕಳೆಯಬೇಕು.

ಮೂರನೆಯದು ವಕ್ರೀಭವನ. ಗಾಳಿ ಬೆಳಕನ್ನು ಬಾಗಿಸಿ ಎಲ್ಲವನ್ನೂ ಇದ್ದದ್ದಕ್ಕಿಂತ ಎತ್ತರದಲ್ಲಿ ತೋರಿಸುತ್ತದೆ: 45°ಯಲ್ಲಿ ಸುಮಾರು 1′, 10°ಯಲ್ಲಿ 5′ಗಿಂತ ಸ್ವಲ್ಪ ಹೆಚ್ಚು, ದಿಗಂತದಲ್ಲಿ ಸುಮಾರು 34′. ತೀರಾ ಕೆಳಗಿರುವ ನಕ್ಷತ್ರಗಳನ್ನು ಹೊಸಬರು ಬಿಟ್ಟುಬಿಡುವುದೇ ಒಳ್ಳೆಯದು.

ಸೂರ್ಯನಾದರೆ ನಾವು ಮುಟ್ಟಿಸಿದ್ದು ಕೆಳ ಅಂಚನ್ನು, ಬೇಕಿರುವುದು ನಡುವನ್ನು. ಅದಕ್ಕೆ ಸೂರ್ಯನ ಅರ್ಧವ್ಯಾಸ, ಸುಮಾರು 16′, ಕೂಡಬೇಕು.

ಒಂದು ಪೂರ್ತಿ ಲೆಕ್ಕ ತೋರಿಸುತ್ತೀರಾ?

ಮಧ್ಯಾಹ್ನದ ಸೂರ್ಯನಿಂದ ಆರಂಭಿಸಿ. ಇದರಲ್ಲಿ ತ್ರಿಕೋನಮಿತಿಯ ಸುಳಿವೇ ಇಲ್ಲ. ಸೂರ್ಯ ಏರುವುದು ನಿಂತು ಇಳಿಯಲು ತೊಡಗುವ ಮುನ್ನದ ಅತಿ ಹೆಚ್ಚಿನ ಕೋನವೊಂದೇ ಬೇಕು.

ಫೆಬ್ರವರಿಯ ಒಂದು ದಿನ, ಸೂರ್ಯ ನಿಮ್ಮ ದಕ್ಷಿಣಕ್ಕಿದ್ದಾನೆ, ಕೆಳ ಅಂಚಿನ ಅತಿ ಹೆಚ್ಚಿನ ಕೋನ 62°18.0′ ಎಂದಿಟ್ಟುಕೊಳ್ಳೋಣ. ಉಪಕರಣದ ತಪ್ಪು 2.0′ ಕಳೆದರೆ 62°16.0′. ಕಣ್ಣು ನೀರಿನಿಂದ 4 ಮೀಟರ್ ಮೇಲಿದೆ, 3.5′ ಕಳೆದರೆ 62°12.5′. ವಕ್ರೀಭವನ ಮತ್ತು ಅರ್ಧವ್ಯಾಸ ಸೇರಿ 15.8′ ಕೂಡಿದರೆ 62°28.3′. ಇದನ್ನು 90°ಯಿಂದ ಕಳೆದರೆ 27°31.7′. ಸೂರ್ಯನ ಭೂಬಿಂದುವಿನಿಂದ ನೀವು ಅಷ್ಟು ಉತ್ತರಕ್ಕಿದ್ದೀರಿ. ಆ ದಿನ ಭೂಬಿಂದು ಇರುವುದು ದಕ್ಷಿಣ 10°12.0′ರಲ್ಲಿ. ಹಾಗಾದರೆ ನಿಮ್ಮ ಅಕ್ಷಾಂಶ 27°31.7′ರಲ್ಲಿ 10°12.0′ ಕಳೆದಷ್ಟು: ಉತ್ತರ 17°19.7′.

ರೇಖಾಂಶವೂ ಬೇಕೇ? ಅಂದು ಗ್ರೀನಿಚ್‌ನಲ್ಲಿ ಸೂರ್ಯ ನೆತ್ತಿರೇಖೆ ದಾಟುವುದು, ಅಂದರೆ ಅತಿ ಎತ್ತರಕ್ಕೆ ಬರುವುದು, ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ 12 ಗಂಟೆ 13 ನಿಮಿಷ 40 ಸೆಕೆಂಡಿಗೆ, ನಿಮ್ಮಲ್ಲಿ ದಾಟಿದ್ದು 7 ಗಂಟೆ 52 ನಿಮಿಷಕ್ಕೆ ಎಂದುಕೊಳ್ಳಿ. ವ್ಯತ್ಯಾಸ 4 ಗಂಟೆ 21 ನಿಮಿಷ 40 ಸೆಕೆಂಡ್. ಗಂಟೆಗೆ 15° ಲೆಕ್ಕದಲ್ಲಿ ಅದು 65°25′, ನಿಮ್ಮಲ್ಲಿ ಮೊದಲೇ ದಾಟಿದ್ದರಿಂದ ಪೂರ್ವ. ಒಂದು ತೊಡಕಿದೆ: ತುದಿಯಲ್ಲಿ ಸೂರ್ಯ ಕೆಲವು ನಿಮಿಷ ನಿಂತೇ ಬಿಟ್ಟಂತೆ ಇರುತ್ತಾನೆ, ಸರಿಯಾದ ಕ್ಷಣ ಹಿಡಿಯುವುದು ಕಷ್ಟ. ಹಾಗಾಗಿ ಮಧ್ಯಾಹ್ನಕ್ಕೆ ಅರ್ಧ ಗಂಟೆ ಮೊದಲು ಒಂದು ಕೋನ ಅಳೆದು ಸಮಯ ಬರೆದಿಡಿ. ಮಧ್ಯಾಹ್ನದ ನಂತರ ಸೂರ್ಯ ಅದೇ ಕೋನಕ್ಕೆ ಇಳಿದಾಗ ಮತ್ತೆ ಸಮಯ ಬರೆಯಿರಿ. ಎರಡರ ಸರಿಯಾದ ನಟ್ಟನಡುವಿನ ಸಮಯವೇ ದಾಟಿದ ಕ್ಷಣ. ಹಡಗು ಉತ್ತರ ದಕ್ಷಿಣವಾಗಿ ವೇಗದಿಂದ ಸಾಗುತ್ತಿದ್ದರೆ ಇದಕ್ಕೂ ಸಣ್ಣ ತಿದ್ದುಪಡಿ ಬೇಕಾಗುತ್ತದೆ.

ಧ್ರುವ ನಕ್ಷತ್ರದ ಎತ್ತರವೇ ಅಕ್ಷಾಂಶ ಎನ್ನುತ್ತಾರಲ್ಲ?

ಹೆಚ್ಚುಕಡಿಮೆ ನಿಜ. ಧ್ರುವ ನಕ್ಷತ್ರ ನಿಜವಾದ ಉತ್ತರ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿದ್ದು, ಅದೂ ಒಂದು ಪುಟ್ಟ ಸುತ್ತು ಹೊಡೆಯುತ್ತದೆ. ತಿದ್ದದಿದ್ದರೆ 35 ಮೈಲಿಗೂ ಹೆಚ್ಚು ತಪ್ಪಬಹುದು. ತಿದ್ದುಪಡಿಯ ಕೋಷ್ಟಕ ಆಲ್ಮನ್ಯಾಕ್‌ನಲ್ಲೇ ಇದೆ. ಸಮಭಾಜಕದ ದಕ್ಷಿಣಕ್ಕೆ ಹೋದವರಿಗೆ ಇದು ಕಾಣಿಸದು, ಆ ಕಡೆಯ ಧ್ರುವದಲ್ಲಿ ಇಷ್ಟು ಪ್ರಕಾಶದ ನಕ್ಷತ್ರವೂ ಇಲ್ಲ.

ರಾತ್ರಿಯಿಡೀ ನಕ್ಷತ್ರ ಅಳೆಯಬಹುದೇ?

ನಡುರಾತ್ರಿಯಲ್ಲಿ ನಕ್ಷತ್ರ ಕಾಣುತ್ತದೆ, ದಿಗಂತ ಕಾಣುವುದಿಲ್ಲ. ಹಗಲಿನಲ್ಲಿ ದಿಗಂತ ಕಾಣುತ್ತದೆ, ನಕ್ಷತ್ರ ಕಾಣುವುದಿಲ್ಲ. ಎರಡೂ ಕಾಣುವುದು ಮುಂಜಾವಿನ ಮತ್ತು ಮುಸ್ಸಂಜೆಯ ಅರೆಬೆಳಕಿನಲ್ಲಿ, ಸೂರ್ಯ ದಿಗಂತದಿಂದ ಸುಮಾರು 6°ಯಿಂದ 12° ಕೆಳಗಿರುವಾಗ. ಉಷ್ಣವಲಯದಲ್ಲಿ ಇದು ಅರ್ಧ ಗಂಟೆಯೂ ಇರುವುದಿಲ್ಲ. ಆದ್ದರಿಂದ ಯಾವ ನಕ್ಷತ್ರ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿ ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಸೆಕ್ಸ್‌ಟಂಟನ್ನು ಆ ಕೋನಕ್ಕೆ ಇಟ್ಟುಕೊಂಡೇ ಡೆಕ್ ಹತ್ತಬೇಕು. ಆಗ ಬರಿಗಣ್ಣಿಗೆ ಇನ್ನೂ ಮೂಡದ ನಕ್ಷತ್ರ ದೂರದರ್ಶಕದಲ್ಲಿ ದಿಗಂತದ ಪಕ್ಕದಲ್ಲೇ ಕಾಣುತ್ತದೆ. ಸಂಜೆ ಪೂರ್ವದ ನಕ್ಷತ್ರಗಳನ್ನು ಮೊದಲು ಅಳೆಯಿರಿ. ಆ ಕಡೆ ಬೇಗ ಕತ್ತಲಾಗುತ್ತದೆ.

ಆಲ್ಮನ್ಯಾಕ್ ಆರಿಸಿಕೊಟ್ಟಿರುವುದು 57 ನಕ್ಷತ್ರ, ಧ್ರುವ ಬೇರೆ. ಎಲ್ಲವನ್ನೂ ಕಲಿಯುವ ಅವಸರ ಬೇಡ. ಲುಬ್ಧಕ, ಅಗಸ್ತ್ಯ, ರೋಹಿಣಿ, ಮಘಾ, ಚಿತ್ರಾ, ಸ್ವಾತಿ, ಜ್ಯೇಷ್ಠಾ, ಅಭಿಜಿತ್, ಶ್ರವಣ ಇಷ್ಟನ್ನು ಸಂಶಯವಿಲ್ಲದೆ ಗುರುತಿಸಿದರೆ ವರ್ಷದ ಯಾವ ಸಂಜೆಯಲ್ಲೂ ಕೆಲವಾದರೂ ಸಿಗುತ್ತವೆ.

ಚಂದ್ರನನ್ನು ಅಳೆಯಬಹುದೇ?

ಧಾರಾಳವಾಗಿ. ಹಗಲಿನಲ್ಲಿ ಸೂರ್ಯನ ಜೊತೆ ಚಂದ್ರನೂ ಇದ್ದರೆ ಒಂದೇ ಹೊತ್ತಿಗೆ ಎರಡು ಗೆರೆ ಸಿಗುತ್ತವೆ. ಆದರೆ ಚಂದ್ರ ಹತ್ತಿರ ಇರುವುದರಿಂದ ಭೂಮಿಯ ನಡುವಿನಿಂದ ನೋಡುವುದಕ್ಕೂ ಮೇಲ್ಮೈಯಿಂದ ನೋಡುವುದಕ್ಕೂ ಒಂದು ಡಿಗ್ರಿಯವರೆಗೆ ವ್ಯತ್ಯಾಸ ಬರುತ್ತದೆ. ಆ ತಿದ್ದುಪಡಿ ಮರೆತರೆ ಎಲ್ಲ ಹಾಳು.

ಮೂರು ಗೆರೆ ಎಳೆದೆ, ಒಂದೇ ಬಿಂದುವಿನಲ್ಲಿ ಕೂಡದೆ ತ್ರಿಕೋನ ಬಂತು. ನಾನು ಅದರೊಳಗೆ ಇದ್ದೇನೆಯೇ?

ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಪ್ರತಿ ಅಳತೆಯ ತಪ್ಪೂ ಆ ಕಡೆ ಈ ಕಡೆ ಸಮನಾಗಿ ಬೀಳಬಹುದಾದರೆ, ನೀವು ತ್ರಿಕೋನದ ಒಳಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಹಾಗಿದ್ದೂ ಬೇರೆ ಯಾವ ಬಿಂದುವಿಗಿಂತಲೂ ಒಳಗಿನ ಬಿಂದುವೇ ಒಳ್ಳೆಯ ಅಂದಾಜು. ಹತ್ತಿರದಲ್ಲಿ ಬಂಡೆ ಇದ್ದರೆ ತ್ರಿಕೋನದಲ್ಲಿ ಬಂಡೆಗೆ ಅತಿ ಹತ್ತಿರದ ಮೂಲೆಯಲ್ಲಿದ್ದೇನೆ ಎಂದೇ ಭಾವಿಸಿ, ಆಮೇಲೂ ಸಾಕಷ್ಟು ಅಂತರ ಬಿಡಿ. ನಕ್ಷತ್ರಗಳನ್ನು ಆರಿಸುವಾಗ ಅವು ಸುತ್ತಲೂ ಹರಡಿರಲಿ, ಒಂದಕ್ಕೊಂದು ಸುಮಾರು 120° ದೂರ. ಆಗ ಎಲ್ಲ ಅಳತೆಗಳಲ್ಲೂ ಒಂದೇ ರೀತಿ ನುಸುಳಿದ ತಪ್ಪು ತಾನಾಗಿ ಸರಿಹೋಗುತ್ತದೆ.

ಎಷ್ಟು ನಿಖರ? ಜಿಪಿಎಸ್ ಇರುವಾಗ ಇದನ್ನು ಯಾರು ಕಲಿಯುತ್ತಾರೆ?

ದೊಡ್ಡ ಹಡಗಿನ ಸ್ಥಿರ ಡೆಕ್ಕಿನಿಂದ ನುರಿತವರಿಗೆ ಒಂದೆರಡು ಮೈಲಿ. ಸಣ್ಣ ದೋಣಿಯಲ್ಲಿ ಐದು ಮೈಲಿಯೊಳಗೆ ಬಂದರೂ ಸಂತೋಷಪಡಬೇಕು. ಜಿಪಿಎಸ್ ಸಂಕೇತ ತೀರಾ ದುರ್ಬಲ. ಅದನ್ನು ಅಡ್ಡಿಪಡಿಸಬಹುದು, ಸುಳ್ಳು ಸಂಕೇತ ಕಳಿಸಿ ದಾರಿ ತಪ್ಪಿಸಲೂಬಹುದು. ನಕ್ಷತ್ರಕ್ಕೆ ಹಾಗೆ ಮಾಡಲು ಯಾರಿಂದಲೂ ಆಗದು. ಪಠ್ಯದಿಂದ ಕೈಬಿಟ್ಟಿದ್ದ ಈ ವಿಷಯವನ್ನು ಅಮೆರಿಕದ ನೌಕಾ ಅಕಾಡೆಮಿ 2015ರಲ್ಲಿ ಮತ್ತೆ ಕಲಿಸತೊಡಗಿತು. ವ್ಯಾಪಾರಿ ಹಡಗುಗಳ ಡೆಕ್ ಅಧಿಕಾರಿಗಳು ಇಂದಿಗೂ ಅಂತರರಾಷ್ಟ್ರೀಯ ನಿಯಮದಂತೆ ಇದನ್ನು ಕಲಿಯಲೇಬೇಕು.

ಉಪಕರಣವೇ ಇಲ್ಲದೆ ಸಾಧ್ಯವೇ?

ಸಾಧ್ಯ, ಆದರೆ ಅದು ಬೇರೆಯೇ ಒಂದು ವಿದ್ಯೆ, ಬಹುಶಃ ಇದಕ್ಕಿಂತ ಕಷ್ಟದ್ದು. 1976ರಲ್ಲಿ ಮೈಕ್ರೊನೇಷ್ಯದ ಮೌ ಪಿಯೈಲುಗ್ ಹೊಕುಲೆಯಾ ಎಂಬ ಜೋಡಿ ದೋಣಿಯನ್ನು ಹವಾಯಿಯಿಂದ ತಾಹಿತಿಗೆ ಯಾವ ಉಪಕರಣವೂ ಇಲ್ಲದೆ ಮುಟ್ಟಿಸಿದರು. ಯಾವ ನಕ್ಷತ್ರ ದಿಗಂತದ ಯಾವ ಜಾಗದಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತದೆ, ಅಲೆಗಳು ಯಾವ ಕಡೆಯಿಂದ ಬರುತ್ತವೆ ಎಂಬ ನೆನಪೇ ಅವರ ನಕ್ಷೆ. ಹಿಂದೂ ಮಹಾಸಾಗರದಲ್ಲಿ ಅರಬ್ ನಾವಿಕರು ಬಳಸುತ್ತಿದ್ದ ಕಮಾಲ್ ಎಂಬ ಸಾಧನವಂತೂ ಒಂದು ಸಣ್ಣ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ಒಂದು ದಾರ; ಒಂದೊಂದು ಗಂಟು ಒಂದೊಂದು ಬಂದರಿನ ಅಕ್ಷಾಂಶಕ್ಕೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವ ನಕ್ಷತ್ರಕ್ಕೂ ಕೂಡುವಂತೆ ಹಿಡಿದರೆ ಆಯಿತು. ಸೇರಬೇಕಾದ ಬಂದರಿನ ಗಂಟು ಸಿಗುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ, ಆಮೇಲೆ ಅದೇ ಅಕ್ಷಾಂಶದ ಮೇಲೆ ನೇರ ಹೋಗುತ್ತಿದ್ದರು.

ಸಮುದ್ರದಿಂದ ದೂರ ಇದ್ದೇನೆ. ಅಭ್ಯಾಸ ಹೇಗೆ?

ಅಗಲ ತಟ್ಟೆಯಲ್ಲಿ ಎಣ್ಣೆ ಹುಯ್ದು ಗಾಳಿ ತಾಗದಂತೆ ನೆಲದ ಮೇಲಿಡಿ. ಎಣ್ಣೆಯಲ್ಲಿ ಕಾಣುವ ಸೂರ್ಯನ ಮೇಲೆ ಸೆಕ್ಸ್‌ಟಂಟ್‌ನ ಸೂರ್ಯನನ್ನು ಸರಿಯಾಗಿ ಕೂರಿಸಿ. ಎರಡು ಬಿಂಬಗಳಿಗೂ ಬಣ್ಣದ ಗಾಜು ಬೇಕು. ಸಿಕ್ಕಿದ ಕೋನದಿಂದ ಉಪಕರಣದ ತಪ್ಪು ತೆಗೆದು ಅರ್ಧ ಮಾಡಿ, ಆಮೇಲೆ ವಕ್ರೀಭವನ ಕಳೆಯಿರಿ. ಕಣ್ಣಿನ ಎತ್ತರದ ತಿದ್ದುಪಡಿಯೂ ಬೇಡ, ಬಿಂಬಗಳು ಪೂರ್ತಿ ಕೂಡಿದ್ದರಿಂದ ಅರ್ಧವ್ಯಾಸದ್ದೂ ಬೇಡ. ಅಳೆಯುವುದು ಎರಡರಷ್ಟು ಕೋನವಾದ್ದರಿಂದ ಸೂರ್ಯ ಸುಮಾರು 60°ಗಿಂತ ಮೇಲಿದ್ದಾಗ ಇದು ನಡೆಯುವುದಿಲ್ಲ. ನೀವಿರುವ ಜಾಗದ ನಿಜವಾದ ಅಕ್ಷಾಂಶ ರೇಖಾಂಶ ಗೊತ್ತೇ ಇರುವುದರಿಂದ ಎಷ್ಟು ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೋಡ ಕವಿದರೆ?

ಕಾಯಬೇಕು. ಕಾಯುವಾಗ ವೇಗ, ದಿಕ್ಕು, ಹೊತ್ತನ್ನು ತಪ್ಪದೆ ಬರೆಯುತ್ತಿರಬೇಕು. 1916ರಲ್ಲಿ ಅಂಟಾರ್ಕ್ಟಿಕ ಅನ್ವೇಷಕ ಶ್ಯಾಕಲ್ಟನ್ ತಂಡದ ಫ್ರಾಂಕ್ ವರ್ಸ್ಲಿ ಏಳು ಮೀಟರಿನಷ್ಟೂ ಉದ್ದವಿಲ್ಲದ ಜೇಮ್ಸ್ ಕೇರ್ಡ್ ದೋಣಿಯನ್ನು ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾಕ್ಕೆ, ಸುಮಾರು 1,300 ಕಿಲೋಮೀಟರ್, ತಂದು ಮುಟ್ಟಿಸಿದ. ದಾರಿಯುದ್ದಕ್ಕೂ ಸೂರ್ಯ ಅಳತೆಗೆ ಸಿಕ್ಕಿದ್ದು ಬೆರಳೆಣಿಕೆಯ ಸಲ. ಉಳಿದ ದಿನಗಳಲ್ಲಿ ದೋಣಿಯನ್ನು ನಡೆಸಿದ್ದು ಆ ಅಂದಾಜಿನ ಲೆಕ್ಕವೇ.

ಉತ್ತರ ತಪ್ಪು ಬಂದಿದೆ. ಎಲ್ಲಿ ತಪ್ಪಿದೆ ಎಂದು ಹುಡುಕುವುದು ಹೇಗೆ?

ತಪ್ಪಿನ ಗಾತ್ರವೇ ಅದರ ಮೂಲವನ್ನು ತೋರಿಸುತ್ತದೆ. ರೇಖಾಂಶ 15′ ಸರಿದಿದ್ದರೆ ಗಡಿಯಾರದಲ್ಲಿ ಒಂದು ನಿಮಿಷ ತಪ್ಪು ಓದಿದ್ದೀರಿ. 15° ಸರಿದಿದ್ದರೆ ಒಂದು ಗಂಟೆ, ಹೆಚ್ಚಾಗಿ ಸ್ಥಳೀಯ ಸಮಯವನ್ನು ಯುಟಿಸಿಗೆ ತಿರುಗಿಸುವಾಗ. ಗೆರೆ ಸರಿಯಾಗಿ 60 ಮೈಲಿ ಆಚೆ ಬಿದ್ದರೆ ಸೆಕ್ಸ್‌ಟಂಟ್‌ನಲ್ಲಿ ಒಂದು ಡಿಗ್ರಿ ತಪ್ಪು ಓದಿದ್ದೀರಿ. 32 ಮೈಲಿಯಾದರೆ ಸೂರ್ಯನ ಕೆಳ ಅಂಚಿನ ಬದಲು ಮೇಲಂಚಿನ ಲೆಕ್ಕ ಹಾಕಿದ್ದೀರಿ. ಉಪಕರಣದ ತಪ್ಪಿನ ಸರಿಯಾಗಿ ಎರಡರಷ್ಟಾದರೆ ಕಳೆಯುವಲ್ಲಿ ಕೂಡಿದ್ದೀರಿ. ತಪ್ಪು ಇದರಲ್ಲಿ ಯಾವ ಲೆಕ್ಕಕ್ಕೂ ಹೊಂದದಿದ್ದರೆ ಮೊದಲು ಗ್ರೀನಿಚ್‌ನ ತಾರೀಖು ನೋಡಿ. ನಿಮ್ಮಲ್ಲಿ ಬೆಳಗಾಗಿರುವಾಗ ಅಲ್ಲಿ ಇನ್ನೂ ನಿನ್ನೆಯ ದಿನವೇ ಇರಬಹುದು. ತಾರೀಖೂ ಸರಿಯಿದ್ದರೆ, ನೀವು ಅಳೆದದ್ದು ನೀವು ಅಂದುಕೊಂಡ ನಕ್ಷತ್ರವನ್ನಲ್ಲ.